ಅರ್ಧ ಕಪ್ ಚಹಾ

ಒಂದು ಪ್ಲೇಟು ಚುರುಮುರಿ ಸುಸಲಾ ನನ್ನ ಹೊಲದ ಅಳತೆಯನ್ನು ಎರಡು ವರ್ಷ ಮುಂದಕ್ಕೆ ಹಾಕಿತು. ತಪ್ಪು ಸುಸಲಾದ್ದಲ್ಲ, ನನ್ನದೇ.

ಬಾಗೇವಾಡಿ ಹತ್ತಿರದ ನಮ್ಮೂರಿನಲ್ಲಿ ನನ್ನ ಹೊಲ, ದೊಡ್ಡಪ್ಪನ ಮಗ ಶಿವಪ್ಪಣ್ಣನ ಹೊಲ ಅಕ್ಕಪಕ್ಕ. ನಡುವಿನ ಬದು ಯಾರದು ಎಂಬ ಜಗಳದಲ್ಲಿ ನಮ್ಮಿಬ್ಬರ ಮಾತೇ ನಿಂತಿತ್ತು. ಅಳತೆಗೆ ಅರ್ಜಿ ಕೊಟ್ಟೆವು. ಸರ್ವೆಯರ್ ಬಂದರು. ಬಿಸಿಲು ನೋಡಿ ನಾನು ಅವರನ್ನು ಮನೆಗೆ ಕರೆದೊಯ್ದೆ. ಸುಸಲಾ, ಮಿರ್ಚಿ ಭಜಿ, ಮೇಲೆ ಚಹಾ. (ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ನಮ್ಮ ಮನೆಯಾಕೆ ನನ್ನನ್ನೂ ಹಾಗೇ ಕಳಿಸುತ್ತಾಳೆ.)

ಹೊಲಕ್ಕೆ ಹೋದರೆ ಶಿವಪ್ಪಣ್ಣ ಅಡ್ಡ ನಿಂತಿದ್ದ. "ಅವರ ಮನ್ಯಾಗ ಮಿರ್ಚಿ ತಿಂದ ಬಂದಾರ. ಈ ಅಳತಿ ನಾ ಒಪ್ಪಂಗಿಲ್ಲ."

ಅವನ ಮನೆಯಲ್ಲಿ ತಿಂದು ಬಂದಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಖಂಡಿತ ಇಲ್ಲ.

ಎರಡು ವರ್ಷ ನಿಂತೇ ಇದ್ದ ಅಳತೆಗೆ ಕಳೆದ ತಿಂಗಳು ಹೊಸ ಸರ್ವೆಯರ್ ಬಂದರು. ಇಂಡಿ ಕಡೆಯ ಹೆಣ್ಣುಮಗಳು, ಮೂವತ್ತು ದಾಟಿರಲಿಕ್ಕಿಲ್ಲ. ನಾನು ಮತ್ತೆ ಸುಸಲಾ ಮಾಡಿಸಿದ್ದೆ. (ಬುದ್ಧಿ ಬರುವುದು ಅಷ್ಟು ಸುಲಭವೇ?) ಆಕೆ ನೆಟ್ಟಗೆ ಶಿವಪ್ಪಣ್ಣನ ಮನೆ ಹೊಕ್ಕರು. ಹತ್ತೇ ನಿಮಿಷಕ್ಕೆ ನಮ್ಮ ಬಾಗಿಲಲ್ಲಿ ನಿಂತು ನಮ್ಮ ಮನೆಯಾಕೆಗೆ ಹೇಳಿದರು:

"ಅಕ್ಕಾರ, ಅಣ್ಣಾರ ಮನ್ಯಾಗ ಅರ್ಧಾ ಕಪ್ ಚಾ ಕುಡದೇನ್ರಿ. ನೀವೂ ಅರ್ಧಾ ಕಪ್ ಅಷ್ಟ ಕೊಡ್ರಿ. ಇಲ್ಲಿ ಕುಡೀತೇನಿ ಅಂತ ಅವರಿಗೂ ಹೇಳಿ ಬಂದೇನಿ."

ಸುಸಲಾ ಮುಟ್ಟಲಿಲ್ಲ.

ಇಬ್ಬರನ್ನೂ ಬದುವಿನ ಮೇಲೆ ನಿಲ್ಲಿಸಿಕೊಂಡು ಅಳೆದರು. ಪ್ರತಿ ಕಲ್ಲಿನ ಹತ್ತಿರ ನಕಾಶೆ ಬಿಚ್ಚಿ ಇಬ್ಬರಿಗೂ ತೋರಿಸಿದರು. ಬದು ಶಿವಪ್ಪಣ್ಣನದೇ ಎಂದಾಯಿತು, ಜೊತೆಗೆ ನನ್ನ ಕಡೆಯ ಎರಡು ಅಡಿಯೂ. ಆದರೆ ಏನೆಂದು ತಕರಾರು ಮಾಡಲಿ? ನಮ್ಮ ಮನೆಯ ಚಹಾ ಕೂಡ ಅವರ ಹೊಟ್ಟೆಯಲ್ಲಿತ್ತಲ್ಲ. ಸಹಿ ಹಾಕಿದೆ.

"ಇದನ್ನೆಲ್ಲಾ ಎಲ್ಲಿ ಕಲತ್ರಿ?" ಎಂದು ಕೇಳಿದೆ.

"ಮಷಿನ್ ಹಿಡಿಯೂದು ಟ್ರೇನಿಂಗ್‌ನ್ಯಾಗ ಕಲಿಸಿದ್ರು. ಇದನ್ನ ಒಂದ ಹಳ್ಳ್ಯಾಗ ಬೈಸಿಕೊಂಡು ಕಲತೇನ್ರಿ."

ನನ್ನ ಮಗಳು ಸಾಫ್ಟ್ ಸ್ಕಿಲ್ಸ್ ಕ್ಲಾಸಿಗೆ ಹೋಗುತ್ತಾಳೆ. ಕೈ ಕುಲುಕುವುದು, ನಗುವುದು ಕಲಿಸುತ್ತಾರಂತೆ. ಕಲಿಸಲಿ. ಆದರೆ ಸೋತವನೂ ಒಪ್ಪುವಂತೆ ಕೆಲಸ ಮಾಡುವುದಕ್ಕೆ ಯಾವ ಸರ್ಟಿಫಿಕೇಟ್ ಇದೆ? ಈಗ ಸುತ್ತಲಿನ ಹಳ್ಳಿಯವರು ಅರ್ಜಿ ಕೊಡುವಾಗಲೇ "ಆ ಮೇಡಮ್ಮಾರನ್ನ ಕಳಸ್ರಿ" ಎನ್ನುತ್ತಾರೆ. ಕೆಲಸದಲ್ಲಿ ಮೇಲೆ ಬರುವುದು ಎಂದರೆ ನನ್ನ ಮಟ್ಟಿಗೆ ಇದೇ.

ಅಳತೆಯ ಮರುದಿನ ಬೆಳಿಗ್ಗೆ ಶಿವಪ್ಪಣ್ಣ ಆ ಬದುವಿನ ಮೇಲೆಯೇ ನಿಂತಿದ್ದ. ನನ್ನನ್ನು ನೋಡಿ ಕೇಳಿದ: "ತಮ್ಮಾ, ಚಾ ಕುಡೀತೀಯೇನು?"

ಕುಡಿದೆ. ಪೂರ್ತಿ ಕಪ್.