ಸೊಲೊಫೊನ ಕುಗ್ಗದ ವಿಂಡೊ

ಅಂಟನಾನರಿವೊದ ಆಸ್ಪತ್ರೆಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವ ಸೊಲೊಫೊ ಎಲ್ಲದಕ್ಕೂ ಬಗ್ಗುವ ಮನುಷ್ಯ, ಪರದೆಯ ಮೇಲೆ ತೆರೆಯುವ ವಿಂಡೊದ ಅಗಲದ ವಿಷಯದಲ್ಲಿ ಮಾತ್ರ ಬಂಡೆಗಲ್ಲು. ಬಣ್ಣ ಬದಲಿಸೆಂದರೆ ಬದಲಿಸುತ್ತಾನೆ, ಗುಂಡಿ ಎಡಕ್ಕಿರಲಿ ಎಂದರೆ ಎಡಕ್ಕೆ ತಳ್ಳುತ್ತಾನೆ. ಆದರೆ ಅವನ ವಿಂಡೊದ ಮೂಲೆ ಹಿಡಿದು ಒಳಕ್ಕೆ ಎಳೆದರೆ ಅದು ಒಂದು ಕಡೆ ನಿಂತುಬಿಡುತ್ತದೆ, ಆಮೇಲೆ ಜೋಡೆತ್ತು ಕಟ್ಟಿ ಎಳೆದರೂ ಕೂದಲೆಳೆಯಷ್ಟೂ ಸರಿಯದು. ಈ ಊರಿನ ಹೆಸರುಗಳೋ, ಬೆಳಿಗ್ಗೆ ಗಂಜಿ ಕುಡಿದು ಕೂಗತೊಡಗಿದರೆ ಮಧ್ಯಾಹ್ನದ ಅನ್ನದ ಹೊತ್ತಿಗೆ ಮುಗಿಯುವಂಥವು. ಅದರಲ್ಲೂ ಅರ್ಧ ಊರು ‘ರಜಾಫಿಂಡ್ರ’ ಎಂದೇ ಶುರುವಾಗುತ್ತದೆ. ರಕ್ತನಿಧಿಯ ಗುಮಾಸ್ತೆ ವೊಲೊಲೊನಾಗೆ ಪರದೆಯ ಪಕ್ಕದಲ್ಲಿ ಧಾರಾವಾಹಿಗೆ ಜಾಗ ಬೇಕು. “ಏನಯ್ಯಾ, ಇದು ವಿಂಡೊನೋ ಕೊಬ್ಬಿದ ಗೂಳಿನೋ? ಸ್ವಲ್ಪ ಜರುಗಿಸೋ!” “ಧಾರಾವಾಹೀನೇ ಜರುಗಿಸಕ್ಕಾ.” “ಡೈರೆಕ್ಟರಿಗೆ ಹೇಳಿ ಬೇರೆಯವನ ಕೈಲಿ ಮಾಡಿಸ್ತೀನಿ, ನೋಡ್ತಿರು!” ಅವನು ನಗುತ್ತಾನೆ, ಬಗ್ಗುವುದಿಲ್ಲ. ಪ್ರತಿ ಹೊಸ ವಿಂಡೊಗೂ ಅವನ ಅಳತೆ ಒಂದೇ: ಹೆಸರಿನ ಜಾಗದಲ್ಲಿ ‘ರಜಾಫಿಂಡ್ರಮನಾನಾ’ ಎಂದು ಟೈಪ್ ಮಾಡಿ, ಕೊನೆಯ ಅಕ್ಷರಕ್ಕೆ ಅಂಚು ತಾಗುವವರೆಗೆ ಕುಗ್ಗಿಸಿ, ಅಲ್ಲಿಗೆ ಬೀಗ ಹಾಕುತ್ತಾನೆ. “ಯಾರಪ್ಪಾ ಈ ಮಹಾರಾಯ್ತಿ?” ಎಂದು ವೊಲೊಲೊನಾ ಒಮ್ಮೆ ಕೇಳಿದಳು. “ನಮ್ಮಮ್ಮ,” ಎಂದ. ಹಿಂದೆ ಆಸ್ಪತ್ರೆಯಲ್ಲಿ, ಯಾರೋ ಬರೆದ, ಹೇಗೆ ಬೇಕಾದರೂ ಕುಗ್ಗುವ ವಿಂಡೊದಲ್ಲಿ ಆ ಅಮ್ಮನ ಹೆಸರು ‘ರಜಾಫಿಂಡ್ರ’ ಎಂದು ಅರ್ಧವೇ ಕಂಡಿತ್ತು. ಪಕ್ಕದ ಹಾಸಿಗೆಯ ರಜಾಫಿಂಡ್ರಕೊಟೊಗೆ ತಂದ ಬೇರೆ ಗುಂಪಿನ ರಕ್ತವನ್ನು ಅವಳಿಗೆ ಏರಿಸಿದ್ದರು. ಅಮ್ಮ ಉಳಿಯಲಿಲ್ಲ. ಈಗಲೂ ವೊಲೊಲೊನಾ ಬೆಳಿಗ್ಗೆ ಬಂದೊಡನೆ ಆ ಮೂಲೆ ಹಿಡಿದು ಬಲವಾಗಿ ಎಳೆಯುತ್ತಾಳೆ. ಅದು ಕುಗ್ಗದೆ ನಿಂತಿತೆಂದು ಖಾತ್ರಿಯಾದ ಮೇಲೆಯೇ ಕೆಲಸಕ್ಕೆ ಕೂರುತ್ತಾಳೆ.