ಎಬ್ಬಣ್ಣನ ಬಾಯಾಗಿ ಗೋಕಾಕಕ್ಕೆ ಬಂದೆ

ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಇಳಿದು ಹೊರಗೆ ಬಂದಾಗ ಟಾಂಗಾದವನು ನನ್ನ ಟ್ರಂಕನ್ನು ಎತ್ತಿಟ್ಟು, "ಕುಂಡ್ರಿ, ಕುಂಡ್ರಿ, ಲಗೂನ ಹೋಗೂಣು" ಎಂದ. ನಾನು ಕಕ್ಕಾಬಿಕ್ಕಿಯಾಗಿ ನಿಂತೆ. ನಮ್ಮ ಮೈಸೂರಿನ ಕಡೆ ಆ ಪದಕ್ಕೆ ಬಲು ಹತ್ತಿರದ ಇನ್ನೊಂದು ಪದವನ್ನು ಹಿರಿಯರ ಎದುರು ಆಡುವುದಿಲ್ಲ. 'ಕೂತುಕೊಳ್ಳಿ, ಬೇಗ ಹೋಗೋಣ' ಎಂದು ಅವನು ಹೇಳುತ್ತಿದ್ದಾನೆಂದು ನನಗೆ ತಿಳಿಯಬೇಕಾದರೆ ಅವನು ಸೀಟನ್ನು ಎರಡು ಸಲ ಬಡಿದು ತೋರಿಸಬೇಕಾಯಿತು. ಅಷ್ಟು ದೂರ ರೈಲಿನಲ್ಲಿ ಬಂದದ್ದು ಕನ್ನಡದಿಂದ ಕನ್ನಡಕ್ಕೆ. ನಾನು ಬಂದ ಕೆಲಸವೋ, ದುಭಾಷಿಯದು!

ಆ ಕೆಲಸ ಸಿಕ್ಕಿದ ಬಗೆ ಹೀಗೆ. ಗೋಕಾಕದ ಅರಳೆ ವ್ಯಾಪಾರಿ ನೇಮಣ್ಣ ಸಾವುಕಾರರು ದಸರಾ ಕುಸ್ತಿ ನೋಡಲು ಮೈಸೂರಿಗೆ ಬಂದಿದ್ದರು. ಜೈನರು, ಮಿತಭಾಷಿ, ಹರೆಯದಲ್ಲಿ ಕೊಲ್ಲಾಪುರದ ಮಣ್ಣಿನಲ್ಲಿ ಕುಸ್ತಿ ಆಡಿದವರು. ಮುಂಬಯಿಯಲ್ಲಿ ಜಮೈಕಾ ದ್ವೀಪದ ಭಾರಿ ಮೈಕಟ್ಟಿನ ಬಾಕ್ಸರ್ ಒಬ್ಬನನ್ನು ನೋಡಿ ಮೆಚ್ಚಿ, ತಮ್ಮ ಗರಡಿಯ ಹುಡುಗರಿಗೆ ಆ ವಿದ್ಯೆ ಕಲಿಸಲು ಕರೆತಂದಿದ್ದರು. ಅವನ ಮಾತು ಹುಡುಗರಿಗೆ ತಿಳಿಯದು, ಹುಡುಗರ ಮಾತು ಅವನಿಗೆ ತಿಳಿಯದು. ಇಂಗ್ಲಿಷ್ ಬಲ್ಲವರು ಗೋಕಾಕದಲ್ಲಿ ಇಲ್ಲವೆಂದಲ್ಲ. ಗರಡಿಯಲ್ಲಿ ದಿನವಿಡೀ ಕೂರುವಷ್ಟು ಬಿಡುವಾದವರು ಇರಲಿಲ್ಲ. ಇಂಟರ್‌ಮೀಡಿಯೆಟ್‌ನಲ್ಲಿ ಎರಡು ಸಲ ನಪಾಸಾಗಿ ಮನೆಯಲ್ಲಿ ಮುಖ ತೋರಿಸಲಾಗದೆ ತಿರುಗುತ್ತಿದ್ದ ನನಗೆ ಬಿಡುವಿಗೇನು ಕೊರತೆ?

ಊಟಕ್ಕೆ ಗಂಗವ್ವ ಎಂಬಾಕೆಯ ಖಾನಾವಳಿಯಲ್ಲಿ ಏರ್ಪಾಡಾಗಿತ್ತು. ಮೊದಲ ದಿನ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಂತು. ರೊಟ್ಟಿ ಮುರಿಯುವುದನ್ನು ಬಿಟ್ಟು ನಾನು ಅನ್ನಕ್ಕಾಗಿ ಕಾದೆ. ಬರಲಿಲ್ಲ. "ಸ್ವಲ್ಪ ಅನ್ನ ಹಾಕ್ತೀರಾ?" ಎಂದು ಕೇಳಿದಾಗ ಆಕೆ ಸೌಟು ಹಿಡಿದವಳು ಹಾಗೆಯೇ ನಿಂತು, "ಯಾಕ್ರಿ, ಮೈಯಾಗ ಆರಾಮ ಇಲ್ಲೇನು?" ಎಂದಳು. ಇಲ್ಲಿ ಬರೀ ಅನ್ನ ಉಣ್ಣುವವರು ಜಡ್ಡಾದವರು, ಅಂದರೆ ಕಾಯಿಲೆಯವರು. ಸಂಜೆ ಆಕೆ ನಿಜಕ್ಕೂ ನನಗಾಗಿ ಗಂಜಿ ಕಾಯಿಸಿಟ್ಟಿದ್ದಳು. ಬೇಡವೆನ್ನಲು ಮನಸ್ಸಾಗಲಿಲ್ಲ, ಕುಡಿದೆ. ಊರಿಗೆ ಊರೇ ಮೈಸೂರಿನ ದುಭಾಷಿ ಬಂದ ದಿನವೇ ಹಾಸಿಗೆ ಹಿಡಿದನೆಂದು ನಂಬಿತು.

ಮರುದಿನ ಗರಡಿಯಲ್ಲಿ ಆ ಬಾಕ್ಸರನನ್ನು ಕಂಡೆ. ಹೆಸರು ಎಬೆನೀಜರ್. ನಲವತ್ತರ ಆಸುಪಾಸು. ಬಾಗಿಲಿಗೆ ಬಗ್ಗಿ ಬರಬೇಕಾದಷ್ಟು ಎತ್ತರ, ಕರಿಕಲ್ಲಿನಲ್ಲಿ ಕಡೆದಂಥ ಹೆಗಲು. ಹುಡುಗರ ಬಾಯಲ್ಲಿ ಆ ಹೆಸರು ಆಗಲೇ 'ಎಬ್ಬಣ್ಣ' ಆಗಿತ್ತು. ತುಕ್ಕಾನಟ್ಟಿಯಿಂದ ಬಂದು ಗರಡಿಯಲ್ಲೇ ಉಳಿದಿದ್ದ ಬಸಲಿಂಗ ಎಂಬ ಪೈಲವಾನ ನನ್ನನ್ನು ಕಂಡವನೇ, "ಸಾಹೇಬ ಅಂದ್ರ ಬೆಳ್ಳಗ ಇರ್ತಾನ. ಇವ ನಮಗಿಂತ ಕರ್ರಗದಾನ. ಇವ ಹೆಂಗ ಸಾಹೇಬ? ಕೇಳ್ರಿ" ಎಂದ. ನನ್ನ ಮೊದಲ ಭಾಷಾಂತರವೇ ಇದಾಗಬೇಕೆ? ಅಳುಕುತ್ತ ಹೇಳಿದೆ. ಎಬ್ಬಣ್ಣ ಹೊಟ್ಟೆ ಹಿಡಿದು ನಕ್ಕ. "ಲಂಡನ್ನಿನಲ್ಲೂ ಇದನ್ನೇ ಕೇಳಿದರು. ಇವನು ನಗುತ್ತ ಕೇಳುತ್ತಿದ್ದಾನೆ, ಅಷ್ಟೇ ವ್ಯತ್ಯಾಸ" ಎಂದ. ಅವನ ಇಂಗ್ಲಿಷು ಪುಸ್ತಕದ್ದಲ್ಲ. ಪದಗಳ ಬಾಲ ನುಂಗಿ ರಾಗ ಎಳೆಯುವಂಥದ್ದು. ಮೊದಲ ವಾರ ನನಗೆ ಅವನದೂ ಅರ್ಧ ತಿಳಿಯಲಿಲ್ಲ, ಹುಡುಗರದೂ ಅರ್ಧ ತಿಳಿಯಲಿಲ್ಲ. ಮಿಕ್ಕದ್ದನ್ನು ಅವರು ಕೈಕಾಲಿನಲ್ಲೇ ಹೇಳಿಕೊಂಡರು.

ಮಧ್ಯಾಹ್ನ ಗರಡಿ ಖಾಲಿಯಾದ ಮೇಲೆ ಅವನು ತನ್ನ ಕಥೆ ಹೇಳುತ್ತಿದ್ದ. ಬಾಲ್ಯದಲ್ಲಿ ಕಬ್ಬು ಕಡಿದಿದ್ದ. ಆಮೇಲೆ ಬಂದರಿನಲ್ಲಿ ಬಾಳೆಗೊನೆ ಹೊತ್ತ. ತಂದೆಯ ಜೊತೆ ಪನಾಮಾಕ್ಕೆ ಹೋಗಿ ಕಾಲುವೆ ಅಗೆದ. ಅಲ್ಲಿ ಹಡಗಿನ ನಾವಿಕರು ಭಾನುವಾರ ಹಗ್ಗ ಕಟ್ಟಿ ಗುದ್ದಾಡುತ್ತಿದ್ದರು. ಒಮ್ಮೆ ಇವನನ್ನೂ ಒಳಗೆ ನೂಕಿದರು, ಇವನು ಗೆದ್ದ. ಅಲ್ಲಿಂದ ಇಂಗ್ಲೆಂಡು. ಗೆದ್ದದ್ದೇ ಹೆಚ್ಚು. ಆದರೆ ಅಲ್ಲಿಯ ದೊಡ್ಡ ಪಟ್ಟಕ್ಕೆ ಸೆಣಸಬೇಕಾದರೆ ತಂದೆ ತಾಯಿ ಇಬ್ಬರೂ ಬಿಳಿಯರಾಗಿರಬೇಕು ಎಂಬ ಕಟ್ಟಳೆ. "ನಾನು ಯಾರನ್ನು ಬೇಕಾದರೂ ಹೊಡೆಯಬಲ್ಲೆ, ನನ್ನ ಅಪ್ಪನ ಬಣ್ಣವನ್ನು ಹೇಗೆ ಹೊಡೆಯಲಿ?" ಎಂದ. ಪ್ಯಾರಿಸ್ಸಿಗೆ ಹೋದ. ಅಲ್ಲಿ ಪಟ್ಟವಿತ್ತು, ಆದರೆ ಅವನನ್ನು ಆಡಿಸುತ್ತಿದ್ದ ಯಜಮಾನ ಒಮ್ಮೆ, ಈ ಸಲ ಐದನೆಯ ಸುತ್ತಿನಲ್ಲಿ ಬೀಳು ಎಂದ. ಬಿದ್ದ. ಅದನ್ನು ಹೇಳುವಾಗ ಮಾತ್ರ ಅವನು ನನ್ನ ಮುಖ ನೋಡಲಿಲ್ಲ.

ನಮ್ಮಿಬ್ಬರಿಗೂ ಈ ಊರು ಹೊಸದು, ಆದರೆ ಒಂದೇ ರೀತಿ ಹೊಸದಲ್ಲ. ನನಗೆ ಕಾವೇರಿಯ ನೆನಪಾದರೆ ಅವನಿಗೆ ಸಮುದ್ರ. ಬೆಳಗಿನ ಕಾಫಿಗೆ ನಾನು ಒದ್ದಾಡಿದೆ. ಇಲ್ಲಿ ಕುದಿಸಿ ಕುದಿಸಿ ಕೆಂಪಾದ ಚಹಾ. ಅವನು ಮೀನಿಗೆ ಒದ್ದಾಡಿದ. ನೇಮಣ್ಣನವರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ನಾವಿಬ್ಬರೂ ಅತಿಥಿಗಳಾಗಿ ಹೋದ ದಿನ ಎಬ್ಬಣ್ಣ ತಾಟಿನ ಮುಂದೆ ಕೂತು, ಇನ್ನೂ ಬಿಸಿಲಿದೆಯಲ್ಲ, ಇದು ಯಾವ ಹೊತ್ತಿನ ಊಟ ಎಂದು ಕೇಳಿದ್ದ. ಅಂಗಡಿಗಳ ಮೇಲಿನ ಬರಹ ಹೆಚ್ಚಾಗಿ ಮರಾಠಿ. ಅದನ್ನು ಅವನೂ ಓದಲಾರ, ನಾನೂ ಓದಲಾರೆ. ಹಾಗಾಗಿ ಬಜಾರಿನಲ್ಲಿ ಮಾತ್ರ ನಾವಿಬ್ಬರೂ ಸಮಾನರು.

ಒಮ್ಮೆ ಸಾವುಕಾರರು ನಮ್ಮನ್ನು ಕೊಣ್ಣೂರಿಗೆ ಕರೆದೊಯ್ದರು. ಕಬ್ಬು ಕಡಿಯುವ ಕಾಲ. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುವ ವಾಸನೆ ಮೂಗಿಗೆ ಬಡಿದದ್ದೇ ತಡ, ಎಬ್ಬಣ್ಣ ಗಾಡಿ ನಿಲ್ಲುವ ಮೊದಲೇ ಇಳಿದುಬಿಟ್ಟ. ಆಳೊಬ್ಬನ ಕೈಯ ಕುಡಗೋಲು ತೆಗೆದುಕೊಂಡು ಸಾಲಿಗೆ ಬಿದ್ದ. ಬುಡಕ್ಕೆ ಒಂದೇ ಏಟು, ತಿರುಗಿಸಿ ತುದಿಗೊಂದು. ಕಡಿಯುತ್ತಿದ್ದವರೆಲ್ಲ ಕೈ ಬಿಟ್ಟು ನಿಂತರು. "ಏ, ಇವ ನಮ್ಮಾವನ ಅದಾನಲೇ!" ಎಂದು ಒಬ್ಬ ಮುದುಕ ಕೂಗಿದ. ಏನೆಂದ ಎಂದು ಎಬ್ಬಣ್ಣ ಕೇಳಿದ. ನೀನು ಅವರವನಂತೆ ಎಂದೆ. ಅವನು ಬೆವರು ಒರೆಸಿಕೊಳ್ಳುವ ನೆಪದಲ್ಲಿ ಬಹಳ ಹೊತ್ತು ಮುಖ ಮುಚ್ಚಿಕೊಂಡಿದ್ದ. ನನ್ನನ್ನು ಹಾಗೆ ಇಲ್ಲಿ ಯಾರೂ ಕೂಗಿರಲಿಲ್ಲವೆಂದು ನನಗೆ ಸಣ್ಣ ಹೊಟ್ಟೆಕಿಚ್ಚೂ ಆಯಿತು.

ಬೆಳಗಾವಿಯ ದಂಡಿನಿಂದ ಒಬ್ಬ ಗೋರಾ ಸಾರ್ಜೆಂಟು ಗೋಕಾಕಕ್ಕೆ ಬಂದು ಎಬ್ಬಣ್ಣನ ಜೊತೆ ಆಡುವುದೆಂದು ಗೊತ್ತಾದದ್ದು ಆಮೇಲೆ. ಸಾವುಕಾರರು ಊರೂರಿಗೆ ಡಂಗುರ ಸಾರಿಸಿದರು. ಅಭ್ಯಾಸ ಜೋರಾಯಿತು. ಆಗಲೇ ನಾನು ಗಮನಿಸಿದ್ದು: ಬಸಲಿಂಗನ ಬಲಗೈ ಏಟು ಎಬ್ಬಣ್ಣನಿಗೆ ಮತ್ತೆ ಮತ್ತೆ ತಾಗುತ್ತಿತ್ತು, ಎಡಗೈಯದು ಒಂದೂ ತಾಗುತ್ತಿರಲಿಲ್ಲ. ಎಡಗಡೆ ಇಟ್ಟ ಚಹಾದ ಬಟ್ಟಲನ್ನು ಅವನು ತಡವಿ ಹುಡುಕುತ್ತಿದ್ದ. ಒಂದು ಮಧ್ಯಾಹ್ನ ನೇರವಾಗಿ ಕೇಳಿಬಿಟ್ಟೆ.

"ಪ್ಯಾರಿಸ್ಸಿನ ಕೊನೆಯ ಆಟದಲ್ಲಿ ಹೋಯಿತು" ಎಂದ. "ಎಡಗಣ್ಣಿನಲ್ಲಿ ನೆರಳು ಬಿಟ್ಟರೆ ಏನೂ ಇಲ್ಲ. ಬಲಗಣ್ಣಿಗೂ ಅಂಥ ಪೆಟ್ಟು ಬಿದ್ದರೆ ಪೂರ್ತಿ ಕತ್ತಲೆ ಎಂದು ಮುಂಬಯಿಯ ಡಾಕ್ಟರು ಹೇಳಿದ್ದಾರೆ."

"ಹಾಗಿದ್ದೂ ಆಡುತ್ತೀಯಾ?"

"ನನ್ನ ಆಟವನ್ನು ಯಾವಾಗಲೂ ಬೇರೆ ಯಾರೋ ಮುಗಿಸಿದ್ದಾರೆ. ಒಂದು ಕಡೆ ಕಟ್ಟಳೆ, ಒಂದು ಕಡೆ ಯಜಮಾನ. ಇದೊಂದನ್ನು ನಾನೇ ಮುಗಿಸುತ್ತೇನೆ. ನೀನು ನನ್ನ ಬಾಯಿ. ನಾನು ಹೇಳದ್ದನ್ನು ನೀನು ಹೇಳಬೇಡ."

ಒಪ್ಪಿದೆ. ದುಭಾಷಿಯ ಧರ್ಮವೂ ಅದೇ ತಾನೆ?

ಎರಡು ದಿನ ಬಿಟ್ಟು ನೇಮಣ್ಣನವರು ನಮ್ಮಿಬ್ಬರನ್ನೂ ಕರೆಸಿ, "ಅವರ ಮೈ ನೆಟ್ಟಗ ಐತೇನು? ಕೇಳ್ರಿ" ಎಂದರು. ಎಬ್ಬಣ್ಣ ಎದೆ ತಟ್ಟಿಕೊಂಡು ಎಲ್ಲವೂ ಸರಿಯಾಗಿದೆ ಎಂದ. ನಾನು ಕನ್ನಡಕ್ಕೆ ತಿರುಗಿಸಿದೆ: "ಎಲ್ಲಾ ಚೆನ್ನಾಗಿದೆಯಂತೆ."

ಸಾವುಕಾರರು ನನ್ನ ಕಡೆ ತಿರುಗಿದರು. "ಐತಿ ಅಂತೀರೋ, ಐತಂತ ಅಂತೀರೋ?"

"ಅವನು ಹೇಳಿದ್ದನ್ನ ಹೇಳಿದೆ, ಸಾವುಕಾರರೆ."

"ಅದು ತಿಳೀತು. ಈಗ ನಿಮ್ಮನ್ನ ಕೇಳಾಕತ್ತೇನಿ. ನೀವು ದಿನಾ ಅವರ ಬಾಜೂ ಕುಂಡ್ರತೀರಿ. ಖರೆ ಹೇಳ್ರಿ."

ಇಷ್ಟು ದಿನದಲ್ಲಿ ಯಾರೂ ನನ್ನನ್ನು ನನ್ನ ಮಾತಿಗಾಗಿ ಕೇಳಿರಲಿಲ್ಲ. ಎಬ್ಬಣ್ಣ ಏನೂ ತಿಳಿಯದೆ ನಮ್ಮಿಬ್ಬರ ಮುಖವನ್ನು ನೋಡುತ್ತಿದ್ದ, ಕತ್ತನ್ನು ತುಸು ಎಡಕ್ಕೆ ಹೊರಳಿಸಿ. ಹೇಳಿದೆ. ನೇಮಣ್ಣನವರು ಎದ್ದು ಬಂದು ಅವನ ಎಡಕ್ಕೆ ನಿಂತು, ಸದ್ದಿಲ್ಲದೆ ತಮ್ಮ ಕೈಯನ್ನು ಅವನ ಕಣ್ಣಿನ ಹತ್ತಿರಕ್ಕೆ ತಂದರು. ರೆಪ್ಪೆ ಅಲುಗಲಿಲ್ಲ. "ಆಟ ಇವರು ಆಡೂದು ಬ್ಯಾಡ. ಬಸಲಿಂಗ ಆಡ್ಲಿ. ಗೋಕಾಕಕ್ಕ ಕರದು ನಾ ಒಬ್ಬರ ಕಣ್ಣ ಕಳೀಲಾರೆ" ಎಂದು ಒಳಗೆ ಹೋದರು.

ಅದನ್ನು ನಾನೇ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಎಬ್ಬಣ್ಣ ಕೈ ಎತ್ತಲಿಲ್ಲ, ಕೂಗಲಿಲ್ಲ. "ಮೂರನೆಯವನು ನೀನು ಎಂದುಕೊಂಡಿರಲಿಲ್ಲ" ಎಂದಷ್ಟೇ ಅಂದು ಗರಡಿಗೆ ನಡೆದ. ಮೊದಲಿಬ್ಬರು ಯಾರೆಂದು ಕೇಳಬೇಕಾಗಿರಲಿಲ್ಲ: ಆ ಕಟ್ಟಳೆ, ಆ ಯಜಮಾನ.

ಆ ದಿನದಿಂದ ಅವನು ನನ್ನ ಜೊತೆ ಇಂಗ್ಲಿಷ್ ಆಡುವುದನ್ನೇ ನಿಲ್ಲಿಸಿದ. ಗರಡಿಯ ಮೂಲೆಯಲ್ಲಿ ನಾನು ಕೂತಿರುತ್ತಿದ್ದೆ, ಅವನು ಹುಡುಗರ ನಡುವೆ ನಿಂತು, ಬೆರಳು ತೋರಿಸಿ, "ಇದಕ್ಕ ಏನಂತೀರಿ?" ಎಂದು ಕೇಳಿ ಕೇಳಿ ಕಲಿತ. ಕೈ, ಮೊಣಕೈ, ಗದ್ದ, ಬೆನ್ನು. ಆಮೇಲೆ ಬಾ, ಹೋಗು, ನಿಲ್ಲು, ತಡಿ. ಗಂಗವ್ವನ ಖಾನಾವಳಿಗೆ ತಾನೇ ಹೋಗಿ, "ಅವ್ವಾ, ಇನ್ನೊಂದ ರೊಟ್ಟಿ ಹಾಕ" ಎಂದನಂತೆ. ಆಕೆ ನಗುತ್ತ ಎರಡು ಹಾಕಿದಳಂತೆ. ನಾನು ಇಷ್ಟು ತಿಂಗಳಿನಿಂದ ಆಕೆಯನ್ನು 'ನೋಡಿ ಇಲ್ಲಿ' ಎಂದೇ ಕರೆಯುತ್ತಿದ್ದೆ. ನನ್ನ ಮೇಲಿನ ಸಿಟ್ಟಿನಿಂದ ಅವನು ಕನ್ನಡ ಕಲಿತ. ಅವನು ಕಲಿತಷ್ಟೂ ನನ್ನ ಕೆಲಸ ಸವೆಯಿತು.

ಆಟದ ದಿನ ಊರ ಹೊರಗಿನ ಬಯಲಿನಲ್ಲಿ ಹಗ್ಗ ಕಟ್ಟಿದ್ದರು. ಸಂಕೇಶ್ವರದಿಂದ ಕೂಡ ಚಕ್ಕಡಿ ಕಟ್ಟಿಕೊಂಡು ಜನ ಬಂದಿದ್ದರು. ಸಾರ್ಜೆಂಟು ನುರಿತವನು. ಮೂರನೆಯ ಸುತ್ತಿನಲ್ಲಿ ಬಸಲಿಂಗ ಮಂಡಿಯೂರಿ ಬಿದ್ದ. ಕುಸ್ತಿಯಲ್ಲಾದರೆ ಬೆನ್ನು ನೆಲಕ್ಕೆ ತಾಗಿದರಷ್ಟೇ ಸೋಲು. ಇಲ್ಲಿ ಹತ್ತು ಎಣಿಸುವುದರೊಳಗೆ ಏಳದಿದ್ದರೂ ಸೋಲೇ. ಬಸಲಿಂಗ ಅದನ್ನು ಮರೆತವನಂತೆ ಮಣ್ಣು ನೋಡುತ್ತ ಕೂತಿದ್ದ. ಹಗ್ಗದ ಆಚೆಯಿಂದ ಎಬ್ಬಣ್ಣ ಗುಡುಗಿದ: "ಏಳಲೇ ಬಸ್ಯಾ! ಎದ್ದ ನಿಂದ್ರು! ಎಡಕ್ಕ ಸರಿ, ಎಡಕ್ಕ!" ಬಯಲೆಲ್ಲ ಹೋ ಎಂದಿತು. ಬಸಲಿಂಗ ಎದ್ದ. ಆರೂ ಸುತ್ತು ನಿಂತ. ಗೆಲುವನ್ನು ಸಾರ್ಜೆಂಟಿಗೇ ಕೊಟ್ಟರು, ಅದು ನ್ಯಾಯವೂ ಆಗಿತ್ತು. ಆದರೆ ಜನ ಹೊತ್ತು ತಂದದ್ದು ಬಸಲಿಂಗನನ್ನು. ಅವನ ಹಿಂದೆ ಎಬ್ಬಣ್ಣನನ್ನೂ ಹೊರಲು ನೋಡಿ, ಭಾರ ತಾಳದೆ ಇಳಿಸಿದರು.

ಜನ ಕರಗಿದ ಮೇಲೆ ಅವನು ನಾನಿದ್ದಲ್ಲಿಗೆ ಬಂದು ಪಕ್ಕದಲ್ಲಿ ಕೂತ. ಕನ್ನಡದಲ್ಲೇ ಮಾತಾಡಿದ, ಪದ ಹುಡುಕುತ್ತ. "ನೀ ಖರೆ ಹೇಳಿದಿ. ನನಗ ಸಿಟ್ಟ ಬಂತು. ಇನ್ನೂ ಐತಿ, ಸ್ವಲ್ಪ."

"ಇರಲಿ ಬಿಡು, ಎಬ್ಬಣ್ಣ" ಎಂದೆ.

"ಇರ್ಲಿ" ಎಂದು ಅವನೂ ಒಪ್ಪಿದ.

ದುಭಾಷಿಯ ಅಗತ್ಯ ತೀರಿತ್ತು. ಸಾವುಕಾರರು ನನ್ನನ್ನು ಕೈಬಿಡದೆ ಮೂಡಲಗಿಯ ಸಾಲಿಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಕೊಡಿಸಿದರು. ಎಬ್ಬಣ್ಣ ಹುಕ್ಕೇರಿಯಲ್ಲಿ ಅವರ ಬೀಗರು ತೆರೆದ ಗರಡಿಗೆ ವಸ್ತಾದನಾಗಿ ಹೋದ. ವರ್ಷಗಳು ಸಂದವು. ಮೈಸೂರಿಗೆ ಹೋದಾಗ ನನ್ನ ತಂಗಿಯ ಮಕ್ಕಳು ನನ್ನ ಮಾತು ಕೇಳಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಅಮ್ಮ ನನಗೆಂದು ಚಪಾತಿ ಮಾಡಿಸಿ, ಅನ್ನ ನಿನಗೆ ಒಗ್ಗುತ್ತದೋ ಇಲ್ಲವೋ ಎನ್ನುತ್ತಾಳೆ. ಮೂಡಲಗಿಯಲ್ಲಿ ಇವತ್ತಿಗೂ ನಾನು 'ಮೈಸೂರ ಮಾಸ್ತರ'.

ಕಳೆದ ತಿಂಗಳು ಎಬ್ಬಣ್ಣ ಹೇಳಿಕಳಿಸಿದ್ದ. ಹುಕ್ಕೇರಿಗೆ ಹೋದೆ. ಜಮೈಕಾದಿಂದ ಅವನ ಅಕ್ಕನ ಕಾಗದ ಬಂದಿತ್ತು. ಆಕೆಗೆ ವಯಸ್ಸಾಗಿದೆ, ಸಾಯುವ ಮೊದಲು ತಮ್ಮನನ್ನು ನೋಡಬೇಕು, ಮನೆ ಇದೆ, ಬಾ ಎಂದು ಬರೆಸಿದ್ದಳು. ಅವನಿಗೆ ಬರೆಯಲು ಬಾರದು. ನಾನು ಕಾಗದ ಹಿಡಿದು ಕೂತೆ. ಇಂಗ್ಲಿಷಿನಲ್ಲಿ ಶುರು ಮಾಡಿದ. ನಾಲ್ಕು ಸಾಲಿನ ನಂತರ ಅವನಿಗೇ ತಿಳಿಯದಂತೆ ಕನ್ನಡಕ್ಕೆ ಇಳಿದ. ಗರಡಿ, ಹುಡುಗರು, ಕಣ್ಣು, ಮಳೆ ಎಲ್ಲ ಹೇಳಿದ. ನಾನು ತಿರುಗಿಸುತ್ತ ಬರೆದೆ. ಕೊನೆಗೆ, "ಬರ್ತೇನಿ ಅಂತ ಬರಿ" ಎಂದ.

ನನ್ನ ಕೈ ನಿಂತಿತು. ನಮ್ಮ ಮಾತಿನಲ್ಲಿ ಹೊರಟವನೂ ಬರ್ತೇನೆ ಎಂದೇ ಹೇಳಿ ಹೋಗುತ್ತಾನೆ. ಹೋಗುತ್ತೇನೆ ಎನ್ನುವುದು ಅಶುಭ. ಇಂಗ್ಲಿಷಿನಲ್ಲಿ ಹಾಗಲ್ಲ. "ಎಬ್ಬಣ್ಣ, ಯಾವ ಬರ್ತೇನಿ? ನೀನು ಊರಿಗೆ ಹೋಗುತ್ತೀಯಾ, ಇಲ್ಲ ಅಕ್ಕನಿಗೆ ವಿದಾಯ ಹೇಳುತ್ತಿದ್ದೀಯಾ?"

ಅವನು ಅಖಾಡದ ಕಡೆ ನೋಡಿದ. ಹುಡುಗರು ಮಣ್ಣು ಹದ ಮಾಡುತ್ತಿದ್ದರು. "ನನಗೂ ಗೊತ್ತಿಲ್ಲೋ ಮಾಸ್ತರ" ಎಂದು ಎದ್ದು ಅವರ ನಡುವೆ ಹೋದ.

ಇಂಗ್ಲಿಷಿನಲ್ಲಿ 'ಬರುತ್ತೇನೆ' ಎಂದೇ ಬರೆದೆ. ಮುದುಕಿ ಅದನ್ನು ನಂಬಿ ಬಾಗಿಲು ಕಾಯುತ್ತಾಳೆಂದು ಗೊತ್ತಿದ್ದೂ ಬರೆದೆ. ಹುಕ್ಕೇರಿಯ ಟಪಾಲು ಪೆಟ್ಟಿಗೆಗೆ ಹಾಕಿ, ಮೂಡಲಗಿಯ ಕಡೆಗೆ ಹೊರಟ ಸರ್ವಿಸ್ ಮೋಟಾರಿನಲ್ಲಿ ಕೂತ ಮೇಲೆ, ಅದೇ ಮಾತನ್ನು ನಾನು ಅಮ್ಮನಿಗೆ ಎಷ್ಟು ಕಾಗದಗಳಲ್ಲಿ ಬರೆದಿದ್ದೇನೆಂದು ನೆನಪಿಸಿಕೊಳ್ಳಲು ನೋಡಿದೆ.