ಕುಣಿಗಲ್ ಕೆರೆಯ ಹಳದಿ ಡ್ರಮ್ಮುಗಳು

ನಮ್ಮ ಚಂದನ ಎರಡನೆಯವಳಾಗಿ ಬಂದಳು! ಕುಣಿಗಲ್ ದೊಡ್ಡಕೆರೆಯಲ್ಲಿ, ಒಬ್ಬೊಬ್ಬರೇ ಕೂತು ಹುಟ್ಟು ಹಾಕುವ ಸಣ್ಣ ದೋಣಿಗಳ ಪಂದ್ಯದಲ್ಲಿ, ಅಷ್ಟು ಮಕ್ಕಳನ್ನು ಹಿಂದೆ ಹಾಕಿ ನನ್ನ ಮೊಮ್ಮಗಳು ಎರಡನೆಯವಳು! ಮೊದಲನೆಯವಳು ಎಂದು ಬರೆದಿದ್ದರೂ ನಮ್ಮ ಕಡಬದಿಂದ ಯಾರೂ ಹೋಗಿ ವಿಚಾರಿಸುತ್ತಿರಲಿಲ್ಲ. ನನಗೆ ಎರಡನೆಯದೇ ಹೆಚ್ಚಾಗಿದೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು, ಸಂತೋಷ ಹೊಟ್ಟೆಯೊಳಗೆ ನಿಲ್ಲದೆ ಪೆನ್ನು ಹಿಡಿದಿದ್ದೇನೆ.

ನಾನು ಹೋದದ್ದು ಪಂದ್ಯ ನೋಡುವುದಕ್ಕಲ್ಲ, ಕೆರೆ ನೋಡುವುದಕ್ಕೆ. ಹೋದ ತಿಂಗಳು ಅಭ್ಯಾಸದಲ್ಲಿ, ಜೋರಾಗಿ ಹಾದುಹೋದ ಒಂದು ಮೋಟರ್ ಬೋಟಿನ ಅಲೆಗೆ ಅವಳ ದೋಣಿ ಮಗುಚಿತ್ತು. ಅವತ್ತಿನಿಂದ ನನ್ನ ಮಗ ಮಹೇಶ ಈ ಆಟವೇ ಬೇಡ ಎನ್ನುತ್ತಿದ್ದ. ಚಂದನಳ ಅಳು ನಿಲ್ಲಲಿಲ್ಲ. ಕೊನೆಗೆ ಅವನೇ ಫೋನ್ ಮಾಡಿ, "ಅಮ್ಮಾ, ನೀನು ಕೆರೆ ಪಕ್ಕದಲ್ಲೇ ಬಾಳ್ದೋಳು. ಹೋಗಿ ನೋಡ್ಕಂಡು ಬಾ. ನೀನು ಹೂಂ ಅಂದ್ರೆ ಮುಂದಕ್ಕೆ, ಇಲ್ದಿದ್ರೆ ಇಲ್ಲಿಗೇ ಸಾಕು" ಎಂದ.

ಶನಿವಾರ ಕಡಬದಿಂದ ಗುಬ್ಬಿಗೆ, ಗುಬ್ಬಿಯಿಂದ ತುಮಕೂರಿಗೆ ಬಂದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಸೊನ್ನೆ ಟಿಕೆಟ್ಟನ್ನು ಎರಡು ಸಲ ತಿರುಗಿಸಿ ನೋಡಿ, "ಇಳಿಯೋವಾಗ ಕೇಳಲ್ವಾ?" ಎಂದೆ. "ಇಲ್ಲಮ್ಮೋ, ಮೊದ್ಲು ಕೂತ್ಕೋ" ಎಂದ ಕಂಡಕ್ಟರ್. ಬಟವಾಡಿಯ ಮಗನ ಮನೆಯಲ್ಲಿ ಮಲಗಿದ್ದು, ಭಾನುವಾರ ಬೆಳಗ್ಗೆ ಆರಕ್ಕೆ ಚಂದನಳ ಜೊತೆ ಕುಣಿಗಲ್ ಬಸ್ಸು ಹತ್ತಿದೆ. ಹೆಬ್ಬೂರಿನವರೆಗೂ ಮಂಜು. ಕುಣಿಗಲ್ಲಿನಲ್ಲಿ ಇಡ್ಲಿ ತಿಂದೆವು. ಚಟ್ನಿ ನೀರು ನೀರು. ದಾರಿಯುದ್ದಕ್ಕೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಕೆರೆಯ ಏರಿ ಹತ್ತಿದ ಕೂಡಲೇ ಕಂಡದ್ದು ನೀರಿನ ಮೇಲೆ ಸಾಲಾಗಿ ತೇಲುವ ಹಳದಿ ಡ್ರಮ್ಮುಗಳು. ನಮ್ಮ ಕಡಬದ ಕೆರೆಯಲ್ಲಿ ಏನು ಸಾಲಾಗಿ ತೇಲಿದರೂ ಕೆಳಗೆ ಮೀನಿನ ಬಲೆ ಇದೆ ಎಂದೇ ಅರ್ಥ. ಮೈ ಉರಿದುಹೋಯಿತು. ಮೋಟರ್ ಬೋಟಿನ ಹತ್ತಿರ ನಿಂತಿದ್ದವನನ್ನು ಹಿಡಿದುಕೊಂಡೆ.

"ಏನಯ್ಯಾ, ಮಕ್ಕಳು ಹೋಗೋ ಜಾಗ್ದಲ್ಲಿ ಬಲೆ ಬುಟ್ಟಿದೀರಲ್ಲ, ಕಣ್ಣಿಲ್ವಾ?"

"ಬಲೆ ಅಲ್ಲ ಕಣಜ್ಜಿ, ಗಡಿ. ಡ್ರಮ್ಮಿನ ಆ ಕಡೆ ಮೋಟರ್‌ನೋರ್ದು, ಈ ಕಡೆ ಹುಟ್ಟು ಹಾಕೋರ್ದು. ನಾವು ದಾಟಂಗಿಲ್ಲ."

"ನೀನು ದಾಟಲ್ಲ, ಸರಿ. ನಿನ್ ಅಲೆ ಹೇಳಿದ್ ಮಾತು ಕೇಳ್ತದಾ?"

"ಅದ್ಕೇ ಅಷ್ಟು ದೂರ ಇಟ್ಟಿರೋದು. ಬಾ, ನಿನ್ಗೂ ಒಂದ್ ರೌಂಡ್ ಹಾಕುಸ್ತೀನಿ" ಎಂದು ನಕ್ಕ.

"ಅಜ್ಜೀ, ಸುಮ್ನಿರೇ" ಎಂದು ಚಂದನ ನನ್ನನ್ನು ಎಳೆದಳು. ಅವಳು ತೊಟ್ಟ ತೇಲುವ ಜಾಕೆಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ನೋಡಿಯೇ, ಪಂದ್ಯಕ್ಕೆ ಮುಂಚಿನ ಅಭ್ಯಾಸಕ್ಕೆ ಬೇರೆ ಮಕ್ಕಳ ಜೊತೆ ನೀರಿಗೆ ಬಿಟ್ಟೆ.

ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಆ ಸಾಲನ್ನೇ ನೋಡುತ್ತಿದ್ದೆ. ಬಲೆಯ ಸಾಲು ನೋಡಿ ಪಳಗಿದ ಕಣ್ಣು ನನ್ನದು. ನಡುವಿನ ಎರಡು ಡ್ರಮ್ಮು ಗಾಳಿಗೆ ಮೆಲ್ಲಗೆ ಮಕ್ಕಳ ಕಡೆಗೇ ಜಾರುತ್ತಿದ್ದವು. ಅಡಿಗೆ ಕಟ್ಟಿದ ಕಲ್ಲು ಸಾಲದು! ಕೂಗುವಷ್ಟರಲ್ಲಿ ಬೋಟಿನವನು ಸುತ್ತಾಡಲು ಬಂದ ಮೂವರನ್ನು ಕೂರಿಸಿಕೊಂಡು ಹೊರಟೇಬಿಟ್ಟಿದ್ದ. ಸುಳ್ಳು ಹೇಳಬಾರದು, ಅವನು ಗಡಿ ದಾಟಲಿಲ್ಲ. ಗಡಿಯೇ ಒಳಗೆ ಬಂದಿತ್ತು. ಅದನ್ನು ನಂಬಿ ಅವನೂ ಒಳಗೆ ಬಂದ. ಬೋಟಿನ ಹಿಂದೆ ಎದ್ದ ಅಲೆ ಸೀದಾ ಚಂದನಳ ಕಡೆ ಹೊರಟಿತು.

ಅವಳು ತಪ್ಪಿಸಿಕೊಂಡು ಓಡಲಿಲ್ಲ. ಎರಡು ಹುಟ್ಟು ಎಳೆದು ದೋಣಿಯ ಮೂತಿಯನ್ನು ಅಲೆಯ ಎದುರಿಗೇ ತಿರುಗಿಸಿದಳು. ಅಲೆ ದೋಣಿಯ ಅಡಿಯಲ್ಲಿ ನುಸುಳಿತು. ಅವಳು ಮೇಲೆದ್ದಳು, ಕೆಳಗಿಳಿದಳು, ಅಷ್ಟೆ.

"ಡ್ರಮ್ಮು ಜಾರ್ತಾವೆ ಕಣಯ್ಯಾ!" ಎಂದು ಏರಿಯಿಂದ ಕೂಗಿದೆ. ಬೋಟಿನವನು ಮೋಟರಿನ ವೇಗ ತಗ್ಗಿಸಿದ. ನಿಧಾನವಾಗಿ ದಡಕ್ಕೆ ಬಂದು, "ಯಾವ್ ಡ್ರಮ್ಮು ತೋರ್ಸಜ್ಜಿ" ಎಂದ. ಈಗ ಮುಖದಲ್ಲಿ ನಗುವಿರಲಿಲ್ಲ. ಕಲಿಸುವ ಮೇಷ್ಟ್ರು ಮಕ್ಕಳನ್ನೆಲ್ಲ ದಡಕ್ಕೆ ಕರೆದರು. ಹುಟ್ಟಿನವರು, ಮೋಟರಿನವರು ಸೇರಿ ಇನ್ನೂ ದಪ್ಪ ಕಲ್ಲು ಕಟ್ಟಿದರು. ನಾನು ಏರಿಯ ಮೇಲಿಂದ, "ಇನ್ನೂ ಆಚೆ! ಇನ್ನೂ ಆಚೆ!" ಎನ್ನುತ್ತಲೇ ಇದ್ದೆ.

"ಪಂದ್ಯ ಮುಗಿಯೋಗಂಟ ಬೋಟ್ ತೆಗ್ಯಲ್ಲ" ಎಂದ ಅವನು.

"ಹಂಗಾದ್ರೆ ಕೀ ಇಲ್ಲಿ ಕೊಡು."

ಕೊಟ್ಟ! ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಪಂದ್ಯ ನಡೆದದ್ದು ಹಾಗೆ. ಗುರಿ ಮುಟ್ಟಿದ ಚಂದನಳನ್ನು ಒದ್ದೆ ಬಟ್ಟೆಯಲ್ಲೇ ತಬ್ಬಿಕೊಂಡೆ.

"ಈಗ್ಲಾದ್ರೂ ನಂಬಿಕೆ ಬಂತಾ?" ಎಂದ ಕೀ ಕೇಳಲು ಬಂದವನು.

"ಇನ್ನೂ ಇಲ್ಲ" ಎಂದು ಗಂಟು ಬಿಚ್ಚಿ ಕೊಟ್ಟೆ.

ಸಂಜೆ ಬಟವಾಡಿಯಲ್ಲಿ ನಾಲ್ವರೂ ಊಟಕ್ಕೆ ಕೂತೆವು. ಸೊಸೆ ಮುದ್ದೆ, ಕೋಳಿ ಸಾರು ಮಾಡಿದ್ದಳು. ಯಾರೂ ಕೈ ಹಾಕಲಿಲ್ಲ.

"ಏನಮ್ಮಾ?" ಎಂದ ಮಹೇಶ.

"ಆ ಕೆರೆ ನಂಬಲ್ಲ ಕಣ್ಲಾ. ಆ ಬೋಟು, ಆ ಡ್ರಮ್ಮು, ಯಾವ್ದನ್ನೂ ನಂಬಲ್ಲ" ಎಂದೆ. ಚಂದನ ತಲೆ ತಗ್ಗಿಸಿದಳು. "ಆದ್ರೆ ಇವ್ಳು ಅಲೆಗೆ ಎದೆ ಕೊಟ್ಟಿದ್ನ ನನ್ ಕಣ್ಣಾರೆ ನೋಡಿದೀನಿ. ಹೂಂ, ಹೋಗ್ಲಿ ಬುಡು."

ಮೊದಲು ಮುದ್ದೆ ಮುರಿದವಳು ಅವಳೇ. ಆಮೇಲೆ ಎಲ್ಲರೂ ಉಂಡೆವು. ನಾನು ಎರಡು ಸಲ ಸಾರು ಹಾಕಿಸಿಕೊಂಡೆ.